ಹಿಮ್ಮಡಿಯ ನೋವಿಗೆ ಪಿಆರ್‌ಪಿ ಚುಚ್ಚಿಸಿಕೊಳ್ಳಲೇ?

ಪ್ರಶ್ನೆ: ನನಗೆ 46 ವರ್ಷ, ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಎಂಟು ತಿಂಗಳಿಂದ ಬಲಗಾಲಿನ ಹಿಂಭಾಗದಲ್ಲಿ, ಹಿಮ್ಮಡಿಯ ಮೂಳೆಯಿಂದ ಮೂರು ಬೆರಳು ಮೇಲೆ ನೋವಿದೆ. ಬೆಳಿಗ್ಗೆ ಎದ್ದು ಕಾಲೂರುವುದೇ ಕಷ್ಟ. ಹತ್ತು ನಿಮಿಷ ಓಡಾಡಿದ ಮೇಲೆ ಸಡಿಲವಾಗುತ್ತದೆ. ಮಕ್ಕಳ ಜೊತೆ ಓಡಿದರೆ ಮರುದಿನ ಹೆಚ್ಚುತ್ತದೆ. ಮುಟ್ಟಿದರೆ ಅಲ್ಲಿ ದಪ್ಪಗಾಗಿರುವುದು ತಿಳಿಯುತ್ತದೆ. ಎರಡು ತಿಂಗಳು ಸಂಪೂರ್ಣ ವಿಶ್ರಾಂತಿ ತೆಗೆದುಕೊಂಡೆ. ನೋವು ಹೋಯಿತು, ಮೈದಾನಕ್ಕಿಳಿದ ವಾರದಲ್ಲೇ ಮರಳಿ ಬಂತು. ಅಲ್ಟ್ರಾಸೌಂಡ್‌ನಲ್ಲಿ ಸ್ನಾಯುರಜ್ಜು ದಪ್ಪವಾಗಿದೆ, ಹರಿದಿಲ್ಲ ಎಂದು ಬಂದಿದೆ. ಐದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಮಟ್ಟ) 8.2. ನೋವು ಶುರುವಾಗುವ ಮೊದಲು ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ನುಂಗಿದ್ದೆ, ಅದಕ್ಕೂ ಇದಕ್ಕೂ ಸಂಬಂಧವಿರಲಾರದು. ಈಗ ಒಬ್ಬ ವೈದ್ಯರು, ನನ್ನ ರಕ್ತದಿಂದಲೇ ಗ್ರೋತ್ ಫ್ಯಾಕ್ಟರ್ ತೆಗೆದು ಚುಚ್ಚಿದರೆ ಹೊಸ ನಾರು ಬೆಳೆಯುತ್ತದೆ ಎನ್ನುತ್ತಿದ್ದಾರೆ. ಮೂರು ಚುಚ್ಚುಮದ್ದಿಗೆ 36 ಸಾವಿರ ರೂಪಾಯಿ. ಜಿಮ್ ನಡೆಸುವ ಗೆಳೆಯ ಬಿಪಿಸಿ-157 ಎಂಬುದನ್ನು ಆನ್‌ಲೈನ್‌ನಲ್ಲಿ ತರಿಸಿಕೊಡುತ್ತೇನೆ, ಅದು ಅಗ್ಗ ಎನ್ನುತ್ತಾನೆ. ಸ್ಟೀರಾಯ್ಡ್ ಎಂದರೆ ನನಗೆ ಭಯ. ಏನು ಮಾಡಲಿ?

ಉತ್ತರ: ನಿಮ್ಮ ವೈದ್ಯರು ಹೇಳಿದ ಆ ಚುಚ್ಚುಮದ್ದು, ಅಂದರೆ ಪಿಆರ್‌ಪಿ (ಪ್ಲೇಟ್‌ಲೆಟ್ ದಟ್ಟವಾಗಿರುವ ರಕ್ತದ್ರವ), ಈಗಲೇ ಬೇಡ. ಗೆಳೆಯರು ತರಿಸಿಕೊಡುವ ಸೀಸೆ ಎಂದಿಗೂ ಬೇಡ. ಸ್ಟೀರಾಯ್ಡ್ ಬಗ್ಗೆ ನಿಮಗಿರುವ ಭಯ ಈ ಜಾಗದ ಮಟ್ಟಿಗೆ ಸರಿಯಾದದ್ದೇ. ಇನ್ನು, ನೀವು ದಾರಿಯಲ್ಲಿ ಹೇಳಿ ಮುಂದೆ ಹೋದ ಎರಡು ಸಂಗತಿಗಳು, ಅಂದರೆ ಸಕ್ಕರೆಯ ಮಟ್ಟ ಮತ್ತು ಆ ಮಾತ್ರೆ, ನನ್ನ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬಿದ್ದವು.

ನಾನು ನಿಮ್ಮ ಕಾಲನ್ನು ಮುಟ್ಟಿ ನೋಡಿಲ್ಲ. ಆದರೂ ನೀವು ಕೊಟ್ಟಿರುವ ವಿವರ ಪಾಠದ ಪುಸ್ತಕದಂತಿದೆ: ಬೆಳಗಿನ ಬಿಗಿತ, ನಡೆದರೆ ಸಡಿಲವಾಗುವುದು, ಶ್ರಮದ ಮರುದಿನದ ನೋವು, ಹಿಮ್ಮಡಿಯ ಮೂಳೆಗಿಂತ ಎರಡರಿಂದ ಆರು ಸೆಂಟಿಮೀಟರ್ ಮೇಲಿನ ಊತ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ರಜ್ಜುವಿನ ನಡುಭಾಗ ಬಹುಕಾಲ ದಣಿದಾಗ ಹೀಗಾಗುತ್ತದೆ. ಅಕಿಲಿಸ್ ಟೆಂಡಿನೋಪತಿ ಎಂದು ಇದನ್ನು ಕರೆಯುತ್ತೇವೆ. ಓಡುವಾಗ ಈ ಒಂದು ರಜ್ಜುವಿನ ಮೇಲೆ ದೇಹದ ತೂಕದ ಆರು ಪಟ್ಟಿಗಿಂತ ಹೆಚ್ಚಿನ ಎಳೆತ ಬೀಳುತ್ತದೆ. ನೋವಾಗುವುದು ಆಶ್ಚರ್ಯವಲ್ಲ, ಇಷ್ಟು ವರ್ಷ ನೋವಿಲ್ಲದೆ ನಡೆಯುವುದೇ ಆಶ್ಚರ್ಯ.

ಸ್ನಾಯುರಜ್ಜು ತೆಂಗಿನ ನಾರಿನ ಹಗ್ಗದಂತೆ ಹೆಣೆದ ಅಂಗ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿಗೆ ಒತ್ತಾಗಿ ಸಾಲುಗಟ್ಟಿರುತ್ತವೆ, ನಡುನಡುವೆ ವಿರಳವಾಗಿ ಜೀವಕೋಶಗಳಿರುತ್ತವೆ. ರಕ್ತದ ಪೂರೈಕೆ ಕಡಿಮೆ, ಅದರಲ್ಲೂ ನಿಮಗೆ ನೋವಿರುವ ಜಾಗದಲ್ಲಿ ಇನ್ನೂ ಕಡಿಮೆ. ಅತಿಯಾದ ಅಥವಾ ಹಠಾತ್ತಾದ ಹೊರೆಗೆ ಸಿಕ್ಕಿದಾಗ ಎಳೆಗಳ ಸಾಲು ಕೆಡುತ್ತದೆ, ನಡುವೆ ನೀರು ಹಿಡಿಯುವ ಲೋಳೆಯಂಥ ವಸ್ತು ತುಂಬಿಕೊಳ್ಳುತ್ತದೆ, ಇರಬಾರದ ಕಡೆ ಹೊಸ ರಕ್ತನಾಳಗಳೂ ಅವುಗಳ ಜೊತೆಯಲ್ಲೇ ನರತಂತುಗಳೂ ಹುಟ್ಟಿಕೊಳ್ಳುತ್ತವೆ. ದಪ್ಪಗಾಗುವುದು ಇದರಿಂದಲೇ. ಸಮಾಧಾನದ ಒಂದು ಮಾತಿದೆ. ಹೀಗೆ ದಪ್ಪಗಾದ ರಜ್ಜುವಿನಲ್ಲಿ ಕೆಟ್ಟ ಭಾಗದ ಸುತ್ತ ಇರುವ ಒಳ್ಳೆಯ ನಾರಿನ ಒಟ್ಟು ಪ್ರಮಾಣ ಸಾಮಾನ್ಯವಾಗಿ ಆರೋಗ್ಯವಂತರ ರಜ್ಜುವಿಗಿಂತ ಕಡಿಮೆ ಇರುವುದಿಲ್ಲ. ನಾವು ದುಡಿಸಬೇಕಾದದ್ದು ಆ ಭಾಗವನ್ನು.

ಈಗ ಗ್ರೋತ್ ಫ್ಯಾಕ್ಟರ್ ವಿಷಯ. ಇದು ಬೊಗಳೆಯಲ್ಲ. ಒಂದು ಜೀವಕೋಶ ಇನ್ನೊಂದಕ್ಕೆ 'ವಿಭಜನೆಯಾಗು', 'ಇತ್ತ ಬಾ', 'ಕೊಲಾಜೆನ್ ತಯಾರಿಸು' ಎಂದು ಹೇಳಿ ಕಳಿಸುವ ಸಣ್ಣ ಪ್ರೋಟೀನುಗಳಿವು. ಇವನ್ನು ಮೊದಲು ಕಂಡುಹಿಡಿದ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಡೆಂಗಿ ಬಂದಾಗ ಎಲ್ಲರೂ ಎಣಿಕೆ ಕೇಳುವ ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಿಸುವುದಷ್ಟೇ ಅಲ್ಲ, ತಮ್ಮೊಳಗಿನ ಕಣಗಳಲ್ಲಿ ಇಂಥ ಹಲವು ಪ್ರೋಟೀನುಗಳನ್ನು ಹೊತ್ತು ತಿರುಗುತ್ತವೆ: ಪಿಡಿಜಿಎಫ್, ಟಿಜಿಎಫ್-ಬೀಟಾ, ವಿಇಜಿಎಫ್ ಹೀಗೆ. ಗಾಯವಾದ ಜಾಗದಲ್ಲಿ ಅವನ್ನು ಸುರಿಯುತ್ತವೆ. ಪಿಆರ್‌ಪಿ ಎಂದರೆ ನಿಮ್ಮ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಪದರವನ್ನು ಬೇರ್ಪಡಿಸಿ, ನೋವಿರುವ ಕಡೆ ಚುಚ್ಚುವುದು. ಇದು ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯಲ್ಲ. ಹಾಗೆಂದು ಯಾರಾದರೂ ಜಾಹೀರಾತು ಕೊಟ್ಟಿದ್ದರೆ ಆ ಬಾಗಿಲಿನಿಂದಲೇ ಹಿಂದಿರುಗಿ.

ತರ್ಕ ಚೆನ್ನಾಗಿದೆ. ಪ್ರಯೋಗಶಾಲೆಯಲ್ಲಿ ಫಲವೂ ಚೆನ್ನಾಗಿಯೇ ಬರುತ್ತದೆ: ತಟ್ಟೆಯಲ್ಲಿ ಬೆಳೆಸಿದ ರಜ್ಜುವಿನ ಜೀವಕೋಶಗಳಿಗೆ ಇದನ್ನು ಹಾಕಿದರೆ ಚುರುಕಾಗುತ್ತವೆ. ತೊಡಕು ಶುರುವಾಗುವುದು ಮನುಷ್ಯನ ಕಾಲಿಗೆ ಬಂದಾಗ.

ಮೊದಲನೆಯದಾಗಿ, ಈ ಪ್ರೋಟೀನುಗಳು ಚುಚ್ಚಿದ ಜಾಗದಲ್ಲಿ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್ ಒಡೆದ ಒಂದು ಗಂಟೆಯೊಳಗೆ ಬಹುಪಾಲು ಹೊರಬಂದಿರುತ್ತದೆ, ಬೇಗನೆ ಕರಗಿಯೂ ಹೋಗುತ್ತದೆ. ರಜ್ಜು ವಾಸಿಯಾಗುವುದಾದರೋ ತಿಂಗಳುಗಟ್ಟಲೆಯ ಕೆಲಸ. ಮೊದಲ ದಿನಗಳಲ್ಲಿ ಉರಿಯೂತ, ಆಮೇಲೆ ವಾರಗಟ್ಟಲೆ ಹೊಸ ಎಳೆ ಹಾಕುವ ಕಾಲ, ಅನಂತರ ಒಂದು ವರ್ಷಕ್ಕೂ ಮೀರಿ ಆ ಎಳೆಗಳನ್ನು ಸಾಲಿಗೆ ತರುವ ಕಾಲ. ಒಂದೊಂದು ಹಂತಕ್ಕೆ ಬೇರೆ ಬೇರೆ ಪ್ರೋಟೀನು, ಬೇರೆ ಬೇರೆ ಪ್ರಮಾಣ. ಹೆಚ್ಚು ಸುರಿದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟಿಜಿಎಫ್-ಬೀಟಾ ಕೊಲಾಜೆನ್ ಹೆಚ್ಚಿಸುತ್ತದೆ ನಿಜ, ಅತಿಯಾದರೆ ಕಲೆಗಟ್ಟಿಸಿ ಸುತ್ತಲಿನ ಅಂಗಾಂಶಕ್ಕೆ ಅಂಟಿಸುತ್ತದೆ. ಕೈಬೆರಳಿನ ರಜ್ಜು ಹೊಲಿಯುವ ಶಸ್ತ್ರವೈದ್ಯರನ್ನು ಕಾಡುವ ಸಮಸ್ಯೆ ಇದೇ. ವಿಇಜಿಎಫ್ ಹೊಸ ರಕ್ತನಾಳ ಬೆಳೆಸುತ್ತದೆ. ನಿಮ್ಮ ರಜ್ಜುವಿನಲ್ಲಿ ಬೇಡದ ರಕ್ತನಾಳಗಳು ಈಗಾಗಲೇ ಬೆಳೆದಿರುವ ಸಾಧ್ಯತೆ ಇರುವಾಗ ಇನ್ನಷ್ಟು ಬೇಕೇ? ಪ್ರಯೋಗಶಾಲೆಯಲ್ಲಿ ಶುದ್ಧವಾಗಿ ತಯಾರಿಸಿದ ಪಿಡಿಜಿಎಫ್‌ಗೆ ಅಮೆರಿಕದಲ್ಲಿ 1997ರಲ್ಲೇ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಅದು ಮಧುಮೇಹಿಗಳ ಪಾದದ ಹುಣ್ಣಿಗೆ ಹಚ್ಚುವ ಮುಲಾಮು, ಸ್ನಾಯುರಜ್ಜುವಿಗಲ್ಲ.

ಎರಡನೆಯದು ಪ್ರಮಾಣದ ಗೊಂದಲ. ಆರೋಗ್ಯವಂತರ ಪ್ಲೇಟ್‌ಲೆಟ್ ಎಣಿಕೆ ಒಂದು ಮೈಕ್ರೊಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಎಲ್ಲಿ ಬೇಕಾದರೂ ಇರಬಹುದು. ಯಂತ್ರ, ತಿರುಗಿಸುವ ವೇಗ, ಬಿಳಿ ರಕ್ತಕಣ ಉಳಿಸುತ್ತಾರೋ ತೆಗೆಯುತ್ತಾರೋ ಎಂಬುದರ ಮೇಲೆ ಸಿರಿಂಜಿನೊಳಗಿನ ದ್ರವವೇ ಬದಲಾಗುತ್ತದೆ. ಒಂದು ಕ್ಲಿನಿಕ್ಕಿನ ಪಿಆರ್‌ಪಿ ಇನ್ನೊಂದರದ್ದಲ್ಲ. ಪ್ಯಾರಸಿಟಮಾಲ್ ಮಾತ್ರೆಯ ಮೇಲೆ 500 ಮಿಲಿಗ್ರಾಂ ಎಂದು ಬರೆದಿರುತ್ತದೆ. ಇಲ್ಲಿ ಅಂಥದ್ದೇನೂ ಇರುವುದಿಲ್ಲ, ಬಹಳ ಕಡೆ ಎಣಿಸುವುದೂ ಇಲ್ಲ.

'ಹೊಸ ನಾರು ಬೆಳೆಯುತ್ತದೆ' ಎಂಬ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. 1950 ಮತ್ತು 60ರ ದಶಕಗಳಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಏಕಾಏಕಿ ಹೆಚ್ಚಿ, ಆಮೇಲೆ ನಿಧಾನವಾಗಿ ಇಳಿಯಿತು. ಆ ಕಾಲದಲ್ಲಿ ಕಟ್ಟಿಕೊಂಡ ಅಂಗಾಂಶಗಳಲ್ಲೆಲ್ಲ ಅದರ ಗುರುತು ಉಳಿದಿದೆ. ಡೆನ್ಮಾರ್ಕಿನ ಸಂಶೋಧಕರು ಇದೇ ಗುರುತನ್ನು ಹಿಡಿದು ಅಕಿಲಿಸ್ ರಜ್ಜುವಿನ ತಿರುಳಿನ ವಯಸ್ಸನ್ನು ಅಳೆದರು. 2013ರಲ್ಲಿ ಅವರು ಪ್ರಕಟಿಸಿದ್ದು ಇದು: ತಿರುಳು ಕಟ್ಟಿಕೊಳ್ಳುವುದು ಹುಟ್ಟಿನಿಂದ ಸುಮಾರು 17ನೆಯ ವಯಸ್ಸಿನವರೆಗೆ, ಅಲ್ಲಿಂದಾಚೆಗೆ ಅದು ಹೆಚ್ಚುಕಡಿಮೆ ನವೀಕರಣವಾಗುವುದೇ ಇಲ್ಲ. ನೀವು ಹತ್ತನೆಯ ತರಗತಿಯಲ್ಲಿ ಓಡಿದ ರಜ್ಜುವಿನ ಮೇಲೆಯೇ ಇಂದೂ ಓಡುತ್ತಿದ್ದೀರಿ. ನಲವತ್ತಾರನೆಯ ವಯಸ್ಸಿನಲ್ಲಿ ಮೂರು ಚುಚ್ಚುಮದ್ದಿನಿಂದ ಆ ತಿರುಳು ಹೊಸದಾಗುತ್ತದೆ ಎಂದು ಮಾತು ಕೊಡುವವರು ದೇಹಕ್ಕೆ ತಿಳಿಯದ ಕೆಲಸವನ್ನು ದೇಹದಿಂದ ಮಾಡಿಸಲು ಹೊರಟಿದ್ದಾರೆ. ನೋವು ಹೋಗುವುದು, ಬಲ ಬರುವುದು ಸಾಧ್ಯ. ರಜ್ಜು ಹದಿನೇಳರ ಹರೆಯಕ್ಕೆ ಮರಳುವುದು ಬೇರೆ ಮಾತು.

ಹಾಗಾದರೆ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದಾಗ ಏನಾಯಿತು? ನಿಮ್ಮಂಥದ್ದೇ ತೊಂದರೆಯಿದ್ದ 54 ಜನರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಎಲ್ಲರಿಗೂ ಹಿಮ್ಮಡಿಯ ವ್ಯಾಯಾಮ. ಆರು ತಿಂಗಳ ಬಳಿಕ ನೋವು ಮತ್ತು ಚಟುವಟಿಕೆಯನ್ನು ಅಳೆಯುವ ನೂರು ಅಂಕಗಳ ಅಳತೆಯಲ್ಲಿ ಎರಡೂ ಗುಂಪುಗಳು ಇಪ್ಪತ್ತರ ಆಸುಪಾಸಿನಷ್ಟು ಸುಧಾರಿಸಿದ್ದವು, ವ್ಯತ್ಯಾಸ ಹೇಳಿಕೊಳ್ಳುವಂತಿರಲಿಲ್ಲ. 2017ರಲ್ಲಿ ಡೆನ್ಮಾರ್ಕಿನಲ್ಲಿ 60 ಗಂಡಸರ ಮೇಲೆ ನಡೆದ ಸಣ್ಣ ಅಧ್ಯಯನವೊಂದು ವ್ಯಾಯಾಮದ ಜೊತೆ ಪಿಆರ್‌ಪಿ ಕೊಟ್ಟವರಲ್ಲಿ ಹೆಚ್ಚು ಸುಧಾರಣೆ ಕಂಡಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ 2021ರಲ್ಲಿ ಬ್ರಿಟನ್ನಿನ 240 ರೋಗಿಗಳ ದೊಡ್ಡ ಪ್ರಯೋಗದ ಫಲ ಬಂದಾಗ, ಪಿಆರ್‌ಪಿಗೂ ಚರ್ಮದಡಿ ಸುಮ್ಮನೆ ಚುಚ್ಚಿದ ಖಾಲಿ ಸೂಜಿಗೂ ಆರು ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ರಜ್ಜು ಪೂರ್ತಿ ತುಂಡಾದ 230 ಜನರ ಮೇಲೆ ಅಲ್ಲಿಯೇ ನಡೆದ ಇನ್ನೊಂದು ಪ್ರಯೋಗದ ಉತ್ತರವೂ 2019ರಲ್ಲಿ ಇದೇ ಆಗಿತ್ತು.

ಪಿಆರ್‌ಪಿಗೆ ಹೆಸರು ಬಂದದ್ದು ಹೆಚ್ಚಾಗಿ ಮೊಣಕೈಯಿಂದ. ಸಚಿನ್ ತೆಂಡೂಲ್ಕರ್ ಅವರ ದೆಸೆಯಿಂದ ಇಡೀ ದೇಶಕ್ಕೆ ಪರಿಚಯವಾದ ಟೆನ್ನಿಸ್ ಎಲ್ಬೋ ತೊಂದರೆಯಲ್ಲಿ (ಅವರು 2005ರಲ್ಲಿ ಮಾಡಿಸಿಕೊಂಡದ್ದು ಶಸ್ತ್ರಚಿಕಿತ್ಸೆ, ಇದಲ್ಲ) ಅಮೆರಿಕದ 230 ರೋಗಿಗಳ ಅಧ್ಯಯನವೊಂದು 24 ವಾರಗಳಲ್ಲಿ ಶೇ 84 ಯಶಸ್ಸು ಎಂದಿತು. ಜಾಹೀರಾತುಗಳಲ್ಲಿ ಈ ಅಂಕಿ ಮಿಂಚುತ್ತದೆ. ಪಿಆರ್‌ಪಿ ಇಲ್ಲದ ಗುಂಪಿನಲ್ಲೂ ಶೇ 68 ಜನ ಸುಧಾರಿಸಿದ್ದರು ಎಂಬ ಅಂಕಿ ಮಾತ್ರ ಅಲ್ಲಿ ಕಾಣಿಸುವುದಿಲ್ಲ. ಮುಂದೆ 2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 32 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಮೊಣಕೈಗೂ ಇದರಿಂದ ಗಣನೀಯ ಲಾಭ ಬಹುಶಃ ಇಲ್ಲ ಎಂದಿತು.

ಉಪ್ಪುನೀರಿನವರೂ ಖಾಲಿ ಸೂಜಿಯವರೂ ಸುಧಾರಿಸಿದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಲ ಸ್ವಲ್ಪ ಕೆಲಸ ಮಾಡಿರುತ್ತದೆ, ನಂಬಿಕೆ ಸ್ವಲ್ಪ ಮಾಡಿರುತ್ತದೆ. ನೆದರ್ಲೆಂಡ್ಸ್ ಪ್ರಯೋಗದ ಉಪ್ಪುನೀರಿನವರಿಗೆ ಸಿಕ್ಕಿದ್ದ ಇನ್ನೊಂದು ವಸ್ತು ವ್ಯಾಯಾಮ. ಸ್ನಾಯುರಜ್ಜುವಿನ ಜೀವಕೋಶಗಳು ಎಳೆತವನ್ನು ಗುರುತಿಸಬಲ್ಲವು. ಹದವಾದ ಹೊರೆ ಬಿದ್ದಾಗ ಅವೇ ಗ್ರೋತ್ ಫ್ಯಾಕ್ಟರುಗಳನ್ನು ಸ್ಥಳದಲ್ಲೇ ತಯಾರಿಸುತ್ತವೆ, ಬೇಕಾದ ದಿಕ್ಕಿಗೆ ಎಳೆ ಹಾಕುತ್ತವೆ. ಕಠಿಣ ವ್ಯಾಯಾಮದ ಬಳಿಕ ರಜ್ಜುವಿನಲ್ಲಿ ಕೊಲಾಜೆನ್ ತಯಾರಿಕೆ ಏರುತ್ತ ಹೋಗಿ ಸುಮಾರು ಒಂದು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ, ಮೂರು ದಿನದವರೆಗೂ ಎತ್ತರದಲ್ಲೇ ಇರುತ್ತದೆ. ನಿಮ್ಮ ಎರಡು ತಿಂಗಳ ವಿಶ್ರಾಂತಿಯಲ್ಲಿ ನೋವು ಹೋಗಿ ರಜ್ಜು ಇನ್ನಷ್ಟು ದುರ್ಬಲವಾಯಿತು, ಮೈದಾನಕ್ಕಿಳಿದ ವಾರದಲ್ಲಿ ಅದು ಬಯಲಾಯಿತು.

ಈಗ ಆ ಎರಡು ಸಂಗತಿಗಳಿಗೆ ಬರುತ್ತೇನೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಕೊಲಾಜೆನ್ ಎಳೆಗಳಿಗೆ ಸಕ್ಕರೆಯ ಕಣಗಳು ಅಂಟಿ ಬೆಸೆದುಕೊಳ್ಳುತ್ತವೆ, ರಜ್ಜು ಪೆಡಸಾಗುತ್ತದೆ, ವಾಸಿಯಾಗುವುದು ನಿಧಾನವಾಗುತ್ತದೆ. 8.2 ಎಂಬ ಅಂಕಿಯನ್ನು ನಿಮ್ಮ ವೈದ್ಯರ ಸಲಹೆಯಂತೆ ಏಳರ ಹತ್ತಿರಕ್ಕೆ ತಂದರೆ ಈ ಕಾಲಿಗೆ ಅದೂ ಒಂದು ಚಿಕಿತ್ಸೆ. ಅದಕ್ಕೆ 36 ಸಾವಿರ ಬೇಕಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಮುಂತಾದ ಒಂದೇ ಕುಟುಂಬದ ಪ್ರತಿಜೀವಕಗಳು ಸ್ನಾಯುರಜ್ಜುವನ್ನು, ಅದರಲ್ಲೂ ಅಕಿಲಿಸನ್ನು ಹಾನಿಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಇವುಗಳ ಮೇಲೆ ತನ್ನ ಅತ್ಯಂತ ಗಂಭೀರ ಎಚ್ಚರಿಕೆಯನ್ನು ಮುದ್ರಿಸುವಂತೆ ಹೇಳಿತು. ಅಪಾಯ ಹೆಚ್ಚಿರುವುದು ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ, ಮೂತ್ರಪಿಂಡ ಕಸಿಯಂಥ ಅಂಗ ಕಸಿಯಾದವರಿಗೆ. ನಿಮ್ಮ ನೋವಿಗೆ ಅದೇ ಕಾರಣ ಎಂದು ದೂರದಿಂದ ಹೇಳಲಾರೆ, ಆದರೆ ಸಂಬಂಧವಿರಲಾರದು ಎಂಬ ನಿಮ್ಮ ಮಾತನ್ನೂ ಒಪ್ಪಲಾರೆ. ಇನ್ನು ಮುಂದೆ ಯಾವ ಸೋಂಕಿಗೆ ಹೋದರೂ ಈ ವಿಷಯ ಹೇಳಿ, ಬೇರೆ ಪ್ರತಿಜೀವಕ ಕೇಳಿ. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಇದನ್ನು ಕೊಂಡು ನುಂಗುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಲೀಸಾಗಿದೆ ಎಂಬುದು ನಿಮಗೂ ಗೊತ್ತು.

ಏನು ಮಾಡಬೇಕು? ಸ್ವೀಡನ್ನಿನ ಶಸ್ತ್ರವೈದ್ಯ ಹೊಕಾನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಅವರಿಗೇ ಈ ನೋವಿತ್ತು, ಶಸ್ತ್ರಚಿಕಿತ್ಸೆಗೆ ಮೇಲಧಿಕಾರಿ ಒಪ್ಪಲಿಲ್ಲ, ರಜ್ಜು ಹರಿದಾದರೂ ಹೋಗಲಿ ಎಂದು ಹಟಕ್ಕೆ ಬಿದ್ದು ನೋವಿನಲ್ಲೇ ವ್ಯಾಯಾಮ ಮಾಡಿದರು, ಹರಿಯುವ ಬದಲು ವಾಸಿಯಾಯಿತು ಎಂಬ ಕಥೆ ಕ್ರೀಡಾವೈದ್ಯರ ನಡುವೆ ಓಡಾಡುತ್ತದೆ. ಕ್ರಮ ಹೀಗಿದೆ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಒಳ್ಳೆಯ ಕಾಲಿನ ಸಹಾಯದಿಂದ ಮೇಲೇರಿ, ನೋವಿರುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಹದಿನೈದರ ಮೂರು ಸರದಿ ಮಂಡಿ ನೇರವಾಗಿಟ್ಟು, ಮೂರು ಸರದಿ ಮಂಡಿ ತುಸು ಬಾಗಿಸಿ, ದಿನಕ್ಕೆರಡು ಸಲ, ಹನ್ನೆರಡು ವಾರ. ದಿನಕ್ಕೆ 180 ಎಂದರೆ ಹೆಚ್ಚಿನವರು ಮೂರನೆಯ ವಾರಕ್ಕೇ ಕೈಬಿಡುತ್ತಾರೆ. ಅಂಥವರಿಗೆ ನಾನು ವಾರಕ್ಕೆ ಮೂರೇ ದಿನ ಭಾರವಾದ ತೂಕ ಹೊತ್ತು ಬಹಳ ನಿಧಾನವಾಗಿ ಏರಿಳಿಯುವ ಕ್ರಮ ಹೇಳುತ್ತೇನೆ. ಎರಡನ್ನೂ ಹೋಲಿಸಿದ ಅಧ್ಯಯನದಲ್ಲಿ ಫಲ ಹೆಚ್ಚುಕಡಿಮೆ ಸಮವಾಗಿತ್ತು. ನಡುವೆ ದಿನ ಬಿಡುವುದರಿಂದ ರಜ್ಜುವಿಗೆ ಚೇತರಿಸಿಕೊಳ್ಳಲು ಸಮಯವೂ ಸಿಗುತ್ತದೆ. ನಿಮಗೆ ಇದೇ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಮೊದಲ ಕೆಲವು ಸಲ ಫಿಸಿಯೊಥೆರಪಿಸ್ಟ್ ಎದುರಿನಲ್ಲಿ ಮಾಡಿ.

ಮಾಡುವಾಗ ನೋವಾದರೆ ಹೆದರಬೇಡಿ. ಹತ್ತರ ಅಳತೆಯಲ್ಲಿ ಐದರವರೆಗಿನ ನೋವು ನಡೆಯುತ್ತದೆ, ಮರುದಿನ ಬೆಳಿಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಬಿಗಿತ ಏರಬಾರದು. ಓಟವನ್ನು ಪೂರ್ತಿ ಬಿಡುವ ಬದಲು ಅರ್ಧಕ್ಕಿಳಿಸಿ, ಜಿಗಿತ ಮತ್ತು ವೇಗದ ಓಟವನ್ನು ಕೊನೆಗೆ ಸೇರಿಸಿ. ಮನೆಯಲ್ಲಿ ತೆಳು ಹವಾಯಿ ಚಪ್ಪಲಿ ಬದಲು ಹಿಮ್ಮಡಿ ಸ್ವಲ್ಪ ಎತ್ತರವಿರುವುದನ್ನು ಹಾಕಿಕೊಂಡರೆ ಬೇಗ ಆರಾಮ ಎನಿಸುತ್ತದೆ. ಓದುತ್ತಿರುವ ಬೇರೆಯವರಿಗೆ ಒಂದು ಮಾತು: ನೋವು ರಜ್ಜು ಮೂಳೆಗೆ ಕೂಡುವ ಜಾಗದಲ್ಲೇ ಇದ್ದರೆ ಮೆಟ್ಟಿಲಿನಿಂದ ಕೆಳಗಿಳಿಸಬೇಡಿ, ನೆಲದ ಮೇಲೆಯೇ ಮಾಡಿ. ಹಿಮ್ಮಡಿಯೂರಿ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂರುವುದೂ ಅಂಥವರಿಗೆ ತೊಂದರೆ ಕೊಡುತ್ತದೆ.

ಮೂರು ತಿಂಗಳು ಹೀಗೆ ಶ್ರದ್ಧೆಯಿಂದ ಮಾಡಿಯೂ ಸುಧಾರಣೆ ಕಾಣದಿದ್ದರೆ ಮುಂದಿನ ಆಯ್ಕೆಗಳಿವೆ. ನಾನು ಮೊದಲು ನೋಡುವುದು ಚರ್ಮದ ಹೊರಗಿನಿಂದ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆಯನ್ನು. ವ್ಯಾಯಾಮದ ಜೊತೆ ಸೇರಿಸಿದಾಗ ಅದರಿಂದ ಹೆಚ್ಚಿನ ಲಾಭ ಕಂಡ ಅಧ್ಯಯನವಿದೆ, ಸೂಜಿಯೂ ಬೇಕಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ಮರೆಸುತ್ತದೆ, ಆಮೇಲೆ ಹಿಂದಿಗಿಂತ ಹಿಂದಕ್ಕೆ ತಳ್ಳಬಹುದು, ಅಕಿಲಿಸ್ ರಜ್ಜುವಿನೊಳಗೆ ಚುಚ್ಚಿದರೆ ಹರಿಯುವ ಅಪಾಯವೂ ಇದೆ. ಮಧುಮೇಹಿಗಳಲ್ಲಿ ಸಕ್ಕರೆ ಬೇರೆ ಏರಿಸುತ್ತದೆ. ಶಸ್ತ್ರಚಿಕಿತ್ಸೆ ಆರು ತಿಂಗಳ ಪ್ರಯತ್ನವೂ ಸೋತ ಮೇಲಿನ ಮಾತು.

ಪಿಆರ್‌ಪಿಯೂ ಆ ಹಂತದಲ್ಲಿ ಬರಬಹುದು. ನನ್ನ ರೋಗಿಗಳಲ್ಲಿ ಕೆಲವರು ಎಲ್ಲವನ್ನೂ ತಿಳಿದೇ ಅದನ್ನು ಆರಿಸಿಕೊಂಡಿದ್ದಾರೆ, ನಾನು ತಡೆದಿಲ್ಲ. ನಿಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ. ಚುಚ್ಚಿದ ಮೇಲೆ ಕೆಲವು ದಿನ, ಕೆಲವೊಮ್ಮೆ ವಾರ ದಾಟಿಯೂ ನೋವು ಜೋರಾಗುತ್ತದೆ. ಸೋಂಕು ಅಪರೂಪ, ಆದರೆ ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಅಷ್ಟು ಅಪರೂಪವಲ್ಲ. ಸ್ವಚ್ಛತೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊದ ಸೌಂದರ್ಯ ಕೇಂದ್ರವೊಂದು ಸಾಕ್ಷಿ: ಅಲ್ಲಿ ಮುಖಕ್ಕೆ ಪಿಆರ್‌ಪಿ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದನ್ನು 2024ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿತು. ಪ್ಲೇಟ್‌ಲೆಟ್ ಕಡಿಮೆಯಿರುವವರು, ಸೋಂಕು ಇರುವವರು, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ಇದರಿಂದ ದೂರವಿರಬೇಕು. ರಕ್ತ ತೆಳುವಾಗಿಸುವ ಔಷಧವಿದ್ದರೆ ಮೊದಲೇ ಹೇಳಬೇಕು. ಚುಚ್ಚುವ ಮುನ್ನ ವೈದ್ಯರಿಗೆ ಕೇಳಿ: ಸಿರಿಂಜಿನಲ್ಲಿರುವ ದ್ರವದ ಪ್ಲೇಟ್‌ಲೆಟ್ ಎಣಿಸುತ್ತೀರಾ? ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುತ್ತೀರಾ? ಕಿಟ್ ನನಗಾಗಿಯೇ ಹೊಸದಾಗಿ ತೆರೆಯುತ್ತೀರಾ? ಒಂದರ ಫಲ ನೋಡದೆ ಮೂರಕ್ಕೆ ಮುಂಗಡ ಯಾಕೆ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಮಗೆ ಬಹಳಷ್ಟು ತಿಳಿಯುತ್ತದೆ. ಅಂದ ಹಾಗೆ, ಚುಚ್ಚಿಸಿಕೊಂಡವರಿಗೂ ಆಮೇಲೆ ಮಾಡಿಸುವುದು ಇದೇ ಹನ್ನೆರಡು ವಾರಗಳ ವ್ಯಾಯಾಮವನ್ನು.

ಬಿಪಿಸಿ-157 ಹದಿನೈದು ಅಮೈನೊ ಆಮ್ಲಗಳ ಕೃತಕ ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕಿನಂಥ ವಸ್ತು. ಅದರ ಬಗ್ಗೆ ಇರುವ ಉತ್ಸಾಹವೆಲ್ಲ ಬಹುಪಾಲು ಇಲಿಗಳ ಮೇಲಿನ ಅಧ್ಯಯನಗಳಿಂದ ಬಂದದ್ದು. ಎಫ್‌ಡಿಎ ಮನುಷ್ಯರ ಬಳಕೆಗೆ ಅದನ್ನು ಒಪ್ಪಿಲ್ಲ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಹಚ್ಚಿ ಮಾರುವ ಸೀಸೆಯೊಳಗೆ ಏನಿದೆ, ಎಷ್ಟು ಶುದ್ಧ, ಹೇಗೆ ಸಾಗಿಸಿ ತಂದರು ಎಂದು ನಿಮ್ಮ ಗೆಳೆಯರೂ ಹೇಳಲಾರರು. ನೀವು ಮಕ್ಕಳನ್ನು ಕೂಟಗಳಿಗೆ ಕರೆದೊಯ್ಯುವವರು, ಆದ್ದರಿಂದ ಇದೂ ಗೊತ್ತಿರಲಿ: ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2022ರಿಂದ ಅದನ್ನು ಹೆಸರಿಸಿಯೇ ನಿಷೇಧಿಸಿದೆ. ಸ್ವಂತ ರಕ್ತದ ಪಿಆರ್‌ಪಿಯನ್ನು 2011ರಲ್ಲೇ ನಿಷೇಧದ ಪಟ್ಟಿಯಿಂದ ತೆಗೆದರು. ಆದರೆ ಬೇರೆಯಾಗಿ ತಯಾರಿಸಿದ ಗ್ರೋತ್ ಫ್ಯಾಕ್ಟರುಗಳಾದ ಐಜಿಎಫ್-1, ಪಿಡಿಜಿಎಫ್, ವಿಇಜಿಎಫ್ ಇಂದಿಗೂ ನಿಷಿದ್ಧ. ನಿಮ್ಮ ಶಾಲೆಯ ಓಟಗಾರರು ಯಾರಾದರೂ ಆ ಜಿಮ್ಮಿಗೆ ಹೋಗುತ್ತಿದ್ದರೆ ಈ ವಾರವೇ ಅವರೊಂದಿಗೆ ಮಾತನಾಡಿ.

ಈ ನಡುವೆ ಕಾಲಿನ ಹಿಂದೆ ಯಾರೋ ಒದ್ದಂತೆ ಅಥವಾ ಫಟ್ ಎಂದು ಸದ್ದಾದಂತೆ ಅನಿಸಿ, ತುದಿಗಾಲಲ್ಲಿ ನಿಲ್ಲಲು ಆಗದೆ ಹೋದರೆ ಮೇಲಿನದ್ದೆಲ್ಲ ಬದಿಗಿರಲಿ. ಮಂಚದ ಮೇಲೆ ಬೋರಲು ಮಲಗಿ ಪಾದವನ್ನು ಅಂಚಿನಿಂದ ಹೊರಗೆ ಚಾಚಿ, ಮನೆಯವರಿಗೆ ಮೀನಖಂಡವನ್ನು ಹಿಂಡಲು ಹೇಳಿ. ಹಾಗೆ ಹಿಂಡಿದಾಗ ಸರಿಯಿರುವ ಕಾಲಿನ ಪಾದ, ತುದಿಗಾಲಲ್ಲಿ ನಿಂತಾಗಿನಂತೆ, ಬಾಗುತ್ತದೆ. ಬಾಗದಿದ್ದರೆ ರಜ್ಜು ತುಂಡಾಗಿರುವ ಸಾಧ್ಯತೆ ಹೆಚ್ಚು. ಅನುಮಾನವಿದ್ದರೂ ಸಾಕು, ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಮೂಳೆ ವೈದ್ಯರನ್ನು ಕಾಣಬೇಕು. ಮೊದಲ ದಿನಗಳಲ್ಲೇ ಪಾದವನ್ನು ಕೆಳಮುಖವಾಗಿಟ್ಟು ಕಟ್ಟಿದರೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ.